ಇಲಿಯ ರಕ್ತ ಸುಧಾರಿಸಿತು, ನಮ್ಮದೂ ಸುಧಾರಿಸುತ್ತಾ?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಶುರುವಾಗಿದೆ. ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಇಲಿಗಳಿಗೆ ಕೊಟ್ಟು ನೋಡಿದಾಗ ಸಕ್ಕರೆ, ಲಿವರ್ ಎರಡೂ ಸರಿಹೋದವಂತೆ. ತಗೊಳ್ಳಬಹುದಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಪ್ರಯೋಗ ಸುಳ್ಳಿರಲಿಕ್ಕಿಲ್ಲ. ಆದರೆ ಆ ಇಲಿಗೆ ಸಕ್ಕರೆ ಕಾಯಿಲೆ ಬಂದದ್ದು ಹೇಗೆ ಅಂತ ಅವರನ್ನೇ ಕೇಳಿ.

ಸಾಮಾನ್ಯವಾಗಿ ಅಲೋಕ್ಸಾನ್ ಅಥವಾ ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷ ಚುಚ್ಚಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತಾರೆ. ಲಿವರ್ ಕೆಡಿಸಲು ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಇನ್ನೊಂದು ವಿಷ ಕೊಡುತ್ತಾರೆ. ಆಗ ಲಿವರ್ ಕೋಶಗಳು ಒಡೆದು, ಒಳಗಿನ ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರಿಪೋರ್ಟಿನಲ್ಲಿ ಸಂಖ್ಯೆ ಏರುವುದು ಇದರಿಂದ. ಅಲೋಕ್ಸಾನ್, ಕಾರ್ಬನ್ ಟೆಟ್ರಾಕ್ಲೋರೈಡ್ ಹಾನಿ ಮಾಡುವುದೇ ಫ್ರೀ ರ್‍ಯಾಡಿಕಲ್‌ಗಳ ಮೂಲಕ. ಅವು ಕೋಶಗಳನ್ನು ಕೆಡಿಸುವ ಚುರುಕು ಕಣಗಳು; ಅವನ್ನು ತಣಿಸುವುದೇ ಆಂಟಿಆಕ್ಸಿಡೆಂಟಿನ ಕೆಲಸ. ಹಾಗಾಗಿ ಅದನ್ನು ಮೊದಲೇ ಕುಡಿಸಿಟ್ಟರೆ ಏಟು ಅಷ್ಟು ಬೀಳುವುದಿಲ್ಲ, ಸಂಖ್ಯೆಯೂ ಅಷ್ಟು ಏರುವುದಿಲ್ಲ. ಅಲ್ಲಿ ತಡೆದದ್ದು ವಿಷವನ್ನು. ನಡುವಯಸ್ಸಿನಲ್ಲಿ ನಮಗೆ ಬರುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಟೈಪ್ 2. ಇನ್ಸುಲಿನ್ನಿಗೆ ಮೈ ಸರಿಯಾಗಿ ಸ್ಪಂದಿಸದೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥದ್ದು. ಎರಡೂ ಒಂದೇ ಅಲ್ಲ, ಅಲ್ವಾ?

ಇನ್ನೊಂದು ವಿಷಯ. ವಿಟಮಿನ್ ಸಿ ಕೂಡ ಒಂದು ಆಂಟಿಆಕ್ಸಿಡೆಂಟ್. ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತನ್ನ ಲಿವರಿನಲ್ಲೇ ಮಾಡಿಕೊಳ್ಳುತ್ತದೆ. ನಮಗೆ ಆ ಭಾಗ್ಯವಿಲ್ಲ. ಗಿನಿಪಿಗ್‌ಗೂ ಇಲ್ಲ, ಪಾಪ.

ಪ್ರಮಾಣವನ್ನೂ ನೋಡಿ. ಇಲಿಗೆ ಮೈತೂಕದ ಕಿಲೋಗೆ 200 ಮಿಲಿಗ್ರಾಂ ಕೊಟ್ಟಿದ್ದರು ಅಂದುಕೊಳ್ಳಿ. ಅದನ್ನು ಮನುಷ್ಯರ ಲೆಕ್ಕಕ್ಕೆ ತರಲು ಸುಮಾರು 6ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ದಿನಕ್ಕೆ ಹತ್ತಿರ ಹತ್ತಿರ 2 ಗ್ರಾಂ ಆಯಿತು. ನಿಮ್ಮ ಡಬ್ಬಿಯ ಮೇಲೆ ಎಷ್ಟಿದೆ?

ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳು ಉತ್ಸಾಹಕ್ಕೆ ತಣ್ಣೀರೆರಚಿವೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇ. 18ರಷ್ಟು ಜಾಸ್ತಿಯಾಯಿತು.

ನನ್ನನ್ನು ಕೇಳಿದರೆ, ಆ ದುಡ್ಡಿಗೆ ಸೊಪ್ಪು, ನೆಲ್ಲಿಕಾಯಿ ತನ್ನಿ. ದಾವಣಗೆರೆಯವರಿಗೆ ಹೇಳಲು ಕಷ್ಟವೇ, ಆದರೂ ಮಂಡಕ್ಕಿ ಸಕ್ಕರೆಯನ್ನು ಬೇಗ ಏರಿಸುತ್ತದೆ, ಅದನ್ನು ಸ್ವಲ್ಪ ಕಡಿಮೆ ಮಾಡಿ. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ.

ಕ್ಯಾಪ್ಸೂಲ್ ಈಗಾಗಲೇ ಶುರು ಮಾಡಿದ್ದರೆ ಡಬ್ಬಿಯನ್ನೇ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ವಿಟಮಿನ್ ಇ ಜಾಸ್ತಿಯಾದರೆ ರಕ್ತಸ್ರಾವದ ಭಯವಿದೆ. ವಿಟಮಿನ್ ಸಿ ಮೈಯಲ್ಲಿ ತುಂಬಾ ಜಾಸ್ತಿಯಾದರೆ ಮನೆಯ ಕೆಲವು ಗ್ಲೂಕೋಮೀಟರ್‌ಗಳು ತಪ್ಪು ಸಂಖ್ಯೆ ತೋರಿಸುವುದೂ ಉಂಟು.