ಯೂನ್ ಜಂಗ್-ಹೀ: ಒಬ್ಬ ನಟಿಯ ಧ್ವನಿ ಹಿಡ್ಕೊಂಡು ಹೊರಟ ಟಿಪ್ಪಣಿ

ಹಳೇ ಕೊರಿಯನ್ ಸಿನಿಮಾ ಓದೋಕೆ ಶುರು ಮಾಡಿದವರಿಗೆ ಮೊದಲು ತಲೆ ಕೆಡೋದು ಹೆಸರುಗಳಲ್ಲಿ, ಹಾಗಾಗಿ ಅಲ್ಲಿಂದ್ಲೇ ಶುರು ಮಾಡೋಣ. ಯೂನ್ ಜಂಗ್-ಹೀ ಅನ್ನೋದು ಸಿನಿಮಾಗೆ ಇಟ್ಕೊಂಡ ಹೆಸರು. ಹುಟ್ಟು ಹೆಸರು ಸೋನ್ ಮಿಜಾ. ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತೆ, ಅಂದ್ರೆ ಸೋನ್ ಮನೆತನ, ಮಿಜಾ ಅವರ ಸ್ವಂತ ಹೆಸರು. ಈ ‘ಮಿಜಾ’ ಅನ್ನೋದನ್ನ ಬರ್ಕೊಂಡು ಅಂಡರ್‌ಲೈನ್ ಮಾಡಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1944ರಲ್ಲಿ ಬೂಸಾನ್‌ನಲ್ಲಿ ಹುಟ್ಟಿದ್ದು, ಬೆಳೆದಿದ್ದು ಗ್ವಾಂಗ್ಜುನಲ್ಲಿ. ಹೊಸ ಮುಖ ಹುಡುಕ್ತಿದ್ದ ಒಂದು ಆಡಿಷನ್‌ನಲ್ಲಿ ಸಾವಿರಕ್ಕೂ ಹೆಚ್ಚು ಹುಡುಗೀರ ಮಧ್ಯೆ ಆಯ್ಕೆ ಆಗಿ, 1967ರಲ್ಲಿ ಕಾಂಗ್ ಡೇ-ಜಿನ್ ನಿರ್ದೇಶನದ ಸಿನಿಮಾದಲ್ಲಿ ನಾಯಕಿಯಾಗೇ ಬಂದ್ರು. ಒಂದೆರಡು ವರ್ಷದಲ್ಲೇ ಮೂನ್ ಹೀ, ನಾಮ್ ಜಂಗ್-ಇಮ್ ಜೊತೆ ಸೇರಿಸಿ ಈ ಮೂವರನ್ನ ಜನ ‘ಟ್ರೋಯ್ಕಾ’ ಅಂತ ಕರೆಯೋಕೆ ಶುರು ಮಾಡಿದ್ರು. ಟ್ರೋಯ್ಕಾ ಅಂದ್ರೆ ರಷ್ಯಾದ ಮೂರು ಕುದುರೆ ಗಾಡಿ. ಇಡೀ ಇಂಡಸ್ಟ್ರಿನ ಈ ಮೂವರೇ ಎಳೀತಿದ್ರು ಅನ್ನೋ ಅರ್ಥ.

ಯೂನ್ ಅವರು ಒಟ್ಟು ಸುಮಾರು 300 ಸಿನಿಮಾ ಮಾಡಿದ್ದಾರೆ ಅಂತ ಹೇಳ್ತಾರೆ, ಅದ್ರಲ್ಲಿ ಬಹುಪಾಲು ಮೊದಲ ಏಳೆಂಟು ವರ್ಷದಲ್ಲೇ. ಇದು ಹೇಗೆ ಸಾಧ್ಯ ಅಂತ ಅರ್ಥ ಆಗ್ಬೇಕಂದ್ರೆ ಆಗಿನ ಕಾನೂನು ಸ್ವಲ್ಪ ಗೊತ್ತಿರ್ಬೇಕು. ಆಗ ದಕ್ಷಿಣ ಕೊರಿಯಾನ ಆಳ್ತಿದ್ದ ಪಾರ್ಕ್ ಚುಂಗ್-ಹೀ ಸರ್ಕಾರ 1962ರಲ್ಲಿ ಸಿನಿಮಾ ಕಾಯ್ದೆ ತಂತು, ಸಣ್ಣಪುಟ್ಟ ಕಂಪನಿಗಳೆಲ್ಲ ಮುಚ್ಚಿಹೋಗಿ ಕೆಲವೇ ದೊಡ್ಡ ಕಂಪನಿಗಳು ಉಳ್ಕೊಂಡ್ವು, ಆಮೇಲೆ ವಿದೇಶಿ ಸಿನಿಮಾ ತರಿಸೋ ಪರ್ಮಿಟ್‌ನ ಸ್ಥಳೀಯ ಸಿನಿಮಾ ತಯಾರಿಕೆಗೆ ಗಂಟು ಹಾಕಿದ್ರು. ನಿಜವಾದ ದುಡ್ಡು ಇದ್ದಿದ್ದು ಹಾಲಿವುಡ್ ಸಿನಿಮಾ ತರಿಸಿ ಓಡಿಸೋದ್ರಲ್ಲಿ, ಅದಕ್ಕೆ ಪರ್ಮಿಟ್ ಬೇಕು, ಪರ್ಮಿಟ್ ಸಿಗೋಕೆ ಕೊರಿಯನ್ ಸಿನಿಮಾ ಮಾಡಿ ತೋರಿಸ್ಬೇಕು, ಹಾಗಾಗಿ ಗಡಿಬಿಡೀಲಿ ಸಾಲುಸಾಲಾಗಿ ಸಿನಿಮಾ ತೆಗೆದ್ರು. 60ರ ದಶಕದ ಕೊನೇಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬರ್ತಿತ್ತು, ಸ್ಟಾರ್‌ಗಳು ಒಂದೇ ದಿನ ಎರಡು ಮೂರು ಸೆಟ್‌ಗೆ ಓಡಾಡ್ತಿದ್ರು.

ಈಗ ಮುಖ್ಯ ವಿಷಯ, ದಯವಿಟ್ಟು ಇದನ್ನ ಬಿಡಬೇಡಿ. ಆ ಕಾಲದಲ್ಲಿ ಶೂಟಿಂಗ್ ಜಾಗದಲ್ಲೇ ಧ್ವನಿ ರೆಕಾರ್ಡ್ ಮಾಡ್ತಿರ್ಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಧ್ವನಿ ಕಲಾವಿದರು ಕೂತು ಡಬ್ ಮಾಡ್ತಿದ್ರು, ದೊಡ್ಡ ದೊಡ್ಡ ಸ್ಟಾರ್‌ಗಳಿಗೂ ಅಷ್ಟೇ, ಏಕೆಂದ್ರೆ ಅವರಿಗೆ ಡಬ್ಬಿಂಗ್‌ಗೆ ಬಂದು ಕೂರೋಕೆ ಟೈಮೇ ಇರ್ಲಿಲ್ಲ. ಹಾಗಾಗಿ ಆ ಕಾಲದ ಸಿನಿಮಾ ನೋಡಿ ‘ಡೈಲಾಗ್ ಡೆಲಿವರಿ ಚೆನ್ನಾಗಿದೆ’ ಅಂತ ಬರೆಯೋ ಮುಂಚೆ ಒಂದು ಸಲ ಯೋಚ್ನೆ ಮಾಡಿ, ಆ ಗಂಟಲು ಬೇರೆಯವರದ್ದು ಇರ್ಬಹುದು. ನಟಿಯ ಕೈಲಿ ಉಳಿಯೋದು ಕಣ್ಣು, ಕತ್ತು, ನಡಿಗೆ, ನಿಲ್ಲೋ ರೀತಿ. ಯೂನ್ ಅವರ ಹಳೇ ಸಿನಿಮಾಗಳನ್ನ ನಾನು ಒಂದ್ಸಲ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ನೋಡ್ತೀನಿ, ನೀವೂ ಟ್ರೈ ಮಾಡಿ, ಅವರ ನಟನೆ ಎಲ್ಲಿದೆ ಅಂತ ಆಗ ಕಾಣುತ್ತೆ.

ಇದಕ್ಕೆ ಬೆಸ್ಟ್ ಉದಾಹರಣೆ 1967ರ ‘ಆಂಗೆ’, ಅಂದ್ರೆ ಮಂಜು. ಕಿಮ್ ಸೂ-ಯೋಂಗ್ ನಿರ್ದೇಶನ, ಕಿಮ್ ಸಂಗ್-ಓಕ್ ಅನ್ನೋ ಲೇಖಕರ ಕಥೆ. ಸಿಯೋಲ್‌ನಲ್ಲಿ ಮಾವನ ಔಷಧಿ ಕಂಪನೀಲಿ ದೊಡ್ಡ ಹುದ್ದೆಗೆ ಏರ್ತಿರೋ ಒಬ್ಬ ಗಂಡಸು ತನ್ನೂರು ಮುಜಿನ್‌ಗೆ ನಾಕು ದಿನ ಇರೋಕೆ ಬರ್ತಾನೆ (ಮುಜಿನ್ ಅನ್ನೋ ಊರು ಮ್ಯಾಪಲ್ಲಿ ಹುಡುಕಬೇಡಿ, ಅದು ಕಥೆಗೆ ಕಟ್ಟಿದ ಊರು). ಅಲ್ಲಿ ಯೂನ್ ಅವರು ಸ್ಕೂಲಿನ ಸಂಗೀತ ಟೀಚರ್. ಕಾಲೇಜಲ್ಲಿ ಪಾಶ್ಚಾತ್ಯ ಗಾಯನ ಕಲಿತವಳು, ಆದ್ರೆ ಊರಿನ ಗಂಡಸರು ಕುಡೀತಾ ಕೂತಿರೋ ಜಾಗದಲ್ಲಿ ಅವಳಿಗೆ ಹಾಡು ಅಂತ ಒತ್ತಾಯ ಮಾಡ್ತಾರೆ, ಅವಳು ಹಾಡೋದು ಎಲ್ಲರಿಗೂ ಗೊತ್ತಿರೋ ಒಂದು ಹಳೇ ಜನಪ್ರಿಯ ಹಾಡು. ಕಲಿತಿದ್ದು ಒಂದು, ಊರು ಕೇಳೋದು ಇನ್ನೊಂದು. ನನ್ನನ್ನ ಸಿಯೋಲ್‌ಗೆ ಕರ್ಕೊಂಡು ಹೋಗು ಅನ್ನೋದೇ ಅವಳ ಒಂದೇ ಆಸೆ. ಅವನು ಹೆಂಡ್ತಿ ಕಳಿಸಿದ ಟೆಲಿಗ್ರಾಂ ಬಂದ ಕೂಡ್ಲೇ ಹೊರಟುಬಿಡ್ತಾನೆ. ಅದು ಯೂನ್ ಅವರ ಮೊದಲನೇ ವರ್ಷ ಅನ್ನೋದನ್ನ ನೆನಪಲ್ಲಿ ಇಟ್ಕೊಂಡು ನೋಡಿ.

ಶಿನ್ ಸಾಂಗ್-ಓಕ್ ನಿರ್ದೇಶನದ ‘ನೇಷಿ’ (1968) ಅರಮನೆ ಕಥೆ, ಅದನ್ನೂ ಲಿಸ್ಟಿಗೆ ಸೇರಿಸ್ಕೊಳ್ಳಿ. ಕಿಮ್ ಸೂ-ಯೋಂಗ್ ಜೊತೆ ಮಾಡಿದ ‘ಯಾಹೆಂಗ್’ನಲ್ಲಿ ಬ್ಯಾಂಕ್ ಕ್ಲರ್ಕ್, ಜೊತೇಲಿ ಕೆಲಸ ಮಾಡೋನ ಜೊತೆ ಗುಟ್ಟಾಗಿ ಬಾಳ್ತಿರೋಳು, ಸಿಯೋಲ್ ಬೀದೀಲಿ ಒಬ್ಬಳೇ ಅಲೀತಾಳೆ. ಅದು 1973ರಲ್ಲೇ ತಯಾರಾದ್ರೂ ಸೆನ್ಸಾರ್ ಕತ್ತರಿಗೆ ಸಿಕ್ಕಿ 1977ಕ್ಕೆ ರಿಲೀಸ್ ಆಯ್ತು.

ಅಷ್ಟೊತ್ತಿಗೆ ಯೂನ್ ಅವರು ಪ್ಯಾರಿಸ್‌ನಲ್ಲಿದ್ರು. ಪೀಕ್‌ನಲ್ಲಿ ಇರುವಾಗ್ಲೇ ಸಿನಿಮಾ ಓದ್ಬೇಕು ಅಂತ ಹೊರಟುಹೋದ್ರು, ಇದು ನನಗೆ ತುಂಬಾ ಇಷ್ಟವಾದ ವಿಷಯ. ಇದಕ್ಕೂ ಮುಂಚೆ 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ಸಮಯದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಶಿಮ್ ಚಾಂಗ್ ಕಥೆಯ ಸಿನಿಮಾ ಜೊತೆ ಹೋಗಿದ್ರು. ಕುರುಡು ಅಪ್ಪನ ಕಣ್ಣಿಗೋಸ್ಕರ 300 ಮೂಟೆ ಅಕ್ಕಿಗೆ ತನ್ನನ್ನೇ ಮಾರ್ಕೊಂಡು ಸಮುದ್ರಕ್ಕೆ ಬೀಳೋ ಮಗಳ ಕಥೆ ಅದು, ಕೊರಿಯಾದಲ್ಲಿ ಮಕ್ಕಳಿಗೂ ಗೊತ್ತು. ಅದೇ ಕಥೆ ಮೇಲೆ ಸಂಗೀತ ಸಂಯೋಜಕ ಯೂನ್ ಇಸಾಂಗ್ ಬರೆದ ಒಪೆರಾ (ಹಾಡಲ್ಲೇ ನಡೆಯೋ ನಾಟಕ) ಕೂಡ ಆಗ ಅಲ್ಲೇ ಮೊದಲ ಪ್ರದರ್ಶನ ಕಂಡಿತ್ತು. ಅಲ್ಲಿ ಪಿಯಾನೋ ವಾದಕ ಪೈಕ್ ಕುನ್-ವೂ ಅವರ ಪರಿಚಯ ಆಯ್ತು, 1976ರಲ್ಲಿ ಮದುವೆ.

1977ರಲ್ಲಿ ಒಂದು ಭಯಾನಕ ಘಟನೆ. ಖಾಸಗಿಯಾಗಿ ಒಂದು ಪಿಯಾನೋ ಕಛೇರಿ ನಡೆಸಿಕೊಡಿ ಅಂತ ನೆಪ ಹೇಳಿ ದಂಪತಿಗಳನ್ನ ಯುಗೊಸ್ಲಾವಿಯಾದ ಜಾಗ್ರೆಬ್‌ಗೆ ಕರೆಸ್ಕೊಂಡ್ರು, ಅದು ಉತ್ತರ ಕೊರಿಯಾಗೆ ಎತ್ತಾಕ್ಕೊಂಡು ಹೋಗೋ ಸಂಚು. ಕೊನೇ ಗಳಿಗೇಲಿ ಇವರಿಗೆ ಅನುಮಾನ ಬಂದು ಅಮೆರಿಕನ್ ಕಾನ್ಸುಲೇಟ್‌ಗೆ ಓಡಿ ಉಳ್ಕೊಂಡ್ರು. ಮುಂದಿನ ವರ್ಷವೇ ಹಿರಿಯ ನಟಿ ಚೋಯ್ ಉನ್-ಹೀ ಹಾಂಗ್‌ಕಾಂಗ್‌ನಿಂದ ಅಪಹರಣ ಆದ್ರು, ಆಮೇಲೆ ಶಿನ್ ಸಾಂಗ್-ಓಕ್ ಕೂಡ. ಅವರಿಬ್ಬರು ತಪ್ಪಿಸ್ಕೊಂಡಿದ್ದು 1986ರಲ್ಲಿ ವಿಯೆನ್ನಾದಲ್ಲಿ. ಯೂನ್ ಅವರು ಎಷ್ಟು ಕೂದಲೆಳೆಯಲ್ಲಿ ಪಾರಾದ್ರು ಅನ್ನೋದು ಇದನ್ನ ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಗುತ್ತೆ.

1994ರ ‘ಮನ್‌ಮುಬಾಂಗ್’ ಆದ್ಮೇಲೆ 16 ವರ್ಷ ಏನೂ ಇಲ್ಲ. 2010ರಲ್ಲಿ ಲೀ ಚಾಂಗ್-ಡಾಂಗ್ ಅವರ ‘ಷಿ’, ಅಂದ್ರೆ ಕವಿತೆ. ಲೀ ಈ ಪಾತ್ರ ಬರೆದಿದ್ದೇ ಯೂನ್ ಅವರನ್ನ ಮನಸಲ್ಲಿಟ್ಕೊಂಡು. ಪಾತ್ರದ ಹೆಸರು ಮಿಜಾ.

66 ವರ್ಷದ ಮಿಜಾ ಮೊಮ್ಮಗನನ್ನ ಸಾಕ್ತಾ, ಲಕ್ವ ಹೊಡೆದ ಒಬ್ಬ ಮುದುಕರ ಆರೈಕೆ ಮಾಡ್ತಾ, ಕವಿತೆ ಬರೆಯೋ ಕ್ಲಾಸ್‌ಗೆ ಸೇರ್ತಾಳೆ. ಡಾಕ್ಟರ್ ಅಲ್ಜೈಮರ್ಸ್ ಶುರುವಾಗಿದೆ ಅಂತಾರೆ: ಮೊದಲು ನಾಮಪದ ಮರೆತು ಹೋಗುತ್ತೆ, ಆಮೇಲೆ ಕ್ರಿಯಾಪದ. ಮಾತು ಕಲೀಬೇಕಾದ ಹೊತ್ತಲ್ಲೇ ಮಾತು ಜಾರಿಹೋಗ್ತಿದೆ. ಅದೇ ಹೊತ್ತಿಗೆ ಮೊಮ್ಮಗನೂ ಅವನ ಐದು ಜನ ಸ್ನೇಹಿತರೂ ಅತ್ಯಾಚಾರ ಮಾಡಿದ್ದ ಹುಡುಗಿ ನದಿಗೆ ಹಾರಿ ಸತ್ತಿದ್ದಾಳೆ ಅಂತ ಗೊತ್ತಾಗುತ್ತೆ, ಉಳಿದ ಹುಡುಗರ ಅಪ್ಪಂದಿರು ಊಟಕ್ಕೆ ಕೂತು ತಲಾ 50 ಲಕ್ಷ ವೊನ್ ಹಾಕಿ ಮುಚ್ಚಿಬಿಡೋಣ ಅಂತ ಲೆಕ್ಕ ಹಾಕ್ತಾರೆ.

ಆ ಹುಡುಗಿ ಅಮ್ಮನನ್ನ ಒಪ್ಪಿಸೋಕೆ ಮಿಜಾನ ಕಳಿಸ್ತಾರಲ್ಲ, ಆ ಸೀನ್ ನಾಕೈದು ಸಲ ನೋಡಿ. ದಾರೀಲಿ ನೆಲಕ್ಕೆ ಬಿದ್ದ ಜರ್ದಾಳು ಹಣ್ಣು ಎತ್ಕೊಂಡು ರುಚಿ ನೋಡ್ತಾಳೆ, ನೋಟ್‌ಬುಕ್ಕಲ್ಲಿ ಬರ್ಕೊಳ್ತಾಳೆ, ಹೊಲದಲ್ಲಿ ಸಿಕ್ಕ ಆ ತಾಯಿ ಜೊತೆ ಹಣ್ಣಿನ ಬಗ್ಗೆ, ಹವಾಮಾನದ ಬಗ್ಗೆ ನಗ್‌ನಗ್ತಾ ಮಾತಾಡಿ ವಾಪಸ್ ಹೊರಡ್ತಾಳೆ. ನಾಕು ಹೆಜ್ಜೆ ಹಾಕಿದ್ಮೇಲೆ ತಾನು ಬಂದಿದ್ದು ಯಾಕೆ ಅಂತ ನೆನಪಾಗುತ್ತೆ. ಆಗ ಯೂನ್ ಅವರ ಮುಖ ನೋಡಿ, ಅವರೇನೂ ಮಾಡಲ್ಲ, ನಗು ಹಾಗೇ ನಿಂತುಹೋಗುತ್ತೆ ಅಷ್ಟೇ. ಮ್ಯೂಟ್ ಮಾಡಿ ನೋಡಿದ ಕಣ್ಣು ಕತ್ತು ಎಲ್ಲ ಇಲ್ಲೂ ಇದೆ, ಜೊತೆಗೆ ಈಗ ಅವರದ್ದೇ ಧ್ವನಿ ಇದೆ, ಸ್ವಲ್ಪ ಎಳೆಯ, ಮುಗ್ಧವಾದ, ವಾಕ್ಯ ಮುಗಿಸದೇ ಬಿಡೋ ಧ್ವನಿ.

ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂತು, ಯೂನ್ ಅವರಿಗೆ 2011ರಲ್ಲಿ ಲಾಸ್ ಏಂಜಲೀಸ್ ವಿಮರ್ಶಕರ ಅತ್ಯುತ್ತಮ ನಟಿ ಪ್ರಶಸ್ತಿ. 2019ರಲ್ಲಿ ಕುಟುಂಬದವರು ಹೇಳಿದ್ರು, ಅವರಿಗೂ ಅಲ್ಜೈಮರ್ಸ್ ಇದೆ, ಸುಮಾರು ಹತ್ತು ವರ್ಷದಿಂದ. 2023ರ ಜನವರಿ 19ಕ್ಕೆ ಫ್ರಾನ್ಸ್‌ನಲ್ಲಿ ತೀರ್ಕೊಂಡ್ರು, 78 ವರ್ಷ.

ಸಿನಿಮಾದ ಕೊನೇಲಿ ಮಿಜಾ ಕ್ಲಾಸಿಗೆ ಬರಲ್ಲ, ಬರೆದ ಕವಿತೆ ಮಾತ್ರ ಮೇಜಿನ ಮೇಲೆ ಇರುತ್ತೆ. ಇಡೀ ಕ್ಲಾಸಲ್ಲಿ ಕವಿತೆ ಬರೆದಿದ್ದು ಅವಳೊಬ್ಬಳೇ. ಅದನ್ನ ಮೊದಲು ಅವಳ ಧ್ವನೀಲೇ ಕೇಳ್ತೀವಿ, ಓದ್ತಾ ಓದ್ತಾ ಅರ್ಧದಲ್ಲಿ ಅದು ಸತ್ತ ಹುಡುಗಿ ಧ್ವನಿಯಾಗುತ್ತೆ. ಅಲ್ಲಿ ಮಾತ್ರ ಮ್ಯೂಟ್ ಮಾಡಬೇಡಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ.