ನೆನಪಿಲ್ಲದ ದಾಳ, ನೆನಪಿರುವ ಮಷಿನ್ ಗನ್

2021ರ ಜುಲೈಯಲ್ಲಿ ಗೇಮರ್ ಒಬ್ಬ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ ಸೇನಾ ಕೈಪಿಡಿಯ ಪುಟಗಳನ್ನು ಅಂತರ್ಜಾಲದಲ್ಲಿ ಹಾಕಿಬಿಟ್ಟ. ಬೇಹುಗಾರಿಕೆಯೇನಲ್ಲ; ‘ವಾರ್ ಥಂಡರ್’ ಎಂಬ ಯುದ್ಧದ ವಿಡಿಯೊ ಗೇಮಿನಲ್ಲಿ ಆ ಟ್ಯಾಂಕನ್ನು ತಪ್ಪಾಗಿ ತೋರಿಸಿದ್ದಾರೆ ಎಂದು ಸಾಧಿಸುವ ಹಟ, ಅಷ್ಟೇ. ನೈಜತೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವ ಜನ ಆಟದಲ್ಲಿ ವಾಹನದ ಮೇಲಿನ ಮಷಿನ್ ಗನ್ನಿನ ಗುಂಡು ಚದುರುವ ವಿಷಯಕ್ಕೆ ಬಂದರೆ ಮಾತ್ರ ಹೇಳುವುದು ಎರಡೇ ಮಾತು. “ನಲವತ್ತು ಟನ್ನಿನ ಟ್ಯಾಂಕಿಗೆ ಬಿಗಿದ ಗನ್ನಿನ ಗುಂಡು ಹೀಗೆ ಚದುರುತ್ತದೆಯೇ?” ಎಂದು ಒಬ್ಬ ಕೇಳಿದರೆ, “ಮಷಿನ್ ಗನ್ನಿಗೆ ಗುರಿ ಎಲ್ಲಿಯದು, ಸುಮ್ಮನೆ ಸುರಿಯುವುದೇ ಅದರ ಕೆಲಸ” ಎಂದು ಇನ್ನೊಬ್ಬ. ಇಬ್ಬರೂ ಎಡವಿದ್ದಾರೆ.

ಎರಡನೆಯವನಿಗೆ ಉತ್ತರ ವಿಯೆಟ್ನಾಂನಲ್ಲಿದೆ. 1967ರಲ್ಲಿ ಅಮೆರಿಕದ ಕಾರ್ಲೋಸ್ ಹ್ಯಾತ್‌ಕಾಕ್ ಎಂಬ ಸ್ನೈಪರ್, ಬ್ರೌನಿಂಗ್ ಎಂ2 ಮಷಿನ್ ಗನ್ನಿಗೆ ದುರ್ಬೀನು ಕೂರಿಸಿ, ಒಂದೊಂದೇ ಗುಂಡು ಹಾರಿಸಿ, 2,286 ಮೀಟರ್ ದೂರದ ಗುರಿ ಹೊಡೆದ. ಆ ದಾಖಲೆ 2002ರವರೆಗೆ ಉಳಿಯಿತು. ಅಂದರೆ ನಳಿಕೆಯಲ್ಲಿ ದೋಷವಿಲ್ಲ. ಒಂದರ ಬೆನ್ನಿಗೆ ಒಂದು ಹಾರುವಾಗಲೇ ಗುಂಡುಗಳು ಚದುರುವುದು.

ಚದುರಬೇಕು ಕೂಡ. ಇದನ್ನು ಆಟಗಾರರಿಗೆ ಒಪ್ಪಿಸುವುದೇ ಕಷ್ಟ. ಮಷಿನ್ ಗನ್ ಹೊಡೆಯುವುದು ಒಬ್ಬ ಮನುಷ್ಯನನ್ನಲ್ಲ, ಒಂದು ಜಾಗವನ್ನು. ಬಿತ್ತುವವನು ಒಂದೇ ಗುಳಿಗೆ ಹಿಡಿ ರಾಗಿ ಸುರಿಯುವುದಿಲ್ಲ, ಬೀಸಿ ಎರಚುತ್ತಾನೆ, ಇಲ್ಲೂ ಹಾಗೆಯೇ. ಅಮೆರಿಕದ ಸೇನೆಯ ಲೆಕ್ಕದಂತೆ ಎಂ240 ಗನ್ನಿನ ಗುಂಡುಗಳು ಸಮತಟ್ಟಾದ ನೆಲದಲ್ಲಿ 500 ಮೀಟರ್ ದೂರದಲ್ಲಿ ಬೀಳುವ ಪಟ್ಟಿಯ ಅಗಲ ಸುಮಾರು 1 ಮೀಟರ್, ಉದ್ದ 110 ಮೀಟರ್. 1,000 ಮೀಟರಿಗೆ ಹೋದರೆ ಅಗಲ 2 ಮೀಟರ್ ಆಗುತ್ತದೆ. ಉದ್ದ ಮಾತ್ರ 75ಕ್ಕೆ ಇಳಿಯುತ್ತದೆ! ದೂರ ಹೆಚ್ಚಿದಂತೆ ಪಟ್ಟಿ ಗಿಡ್ಡವಾಗುವುದೇಕೆ? ಹತ್ತಿರದಲ್ಲಿ ಗುಂಡು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತದೆ, ಆದ್ದರಿಂದ ಒಂದು ಗೇಣು ಮೇಲೆ ಹೋದ ಗುಂಡು ಎಷ್ಟೋ ಮೀಟರ್ ಆಚೆ ನೆಲ ಮುಟ್ಟುತ್ತದೆ. ದೂರಕ್ಕೆ ಹೋದ ಗುಂಡಿನ ವೇಗ ಕುಗ್ಗಿ ಅದು ಕಡಿದಾಗಿ ಇಳಿಯುತ್ತದೆ. ಎದುರಿಗೆ ಏರು ದಿಬ್ಬವಿದ್ದರೆ ಪಟ್ಟಿ ಇನ್ನೂ ಮೊಟಕು. ಆಟದಲ್ಲಿ ಗೋಡೆಗೆ ಹೊಡೆದು, ದುಂಡಗೆ ಬಿದ್ದ ತೂತುಗಳನ್ನು ನೋಡಿ ‘ಕಳಪೆ ಗನ್’ ಎಂದು ಬೈಯುವವನು ಈ ಉದ್ದನೆಯ ಪಟ್ಟಿಯನ್ನು ನೋಡುವುದೇ ಇಲ್ಲ.

ಇನ್ನು ವಾಹನ. ಎಂ2 ಗನ್ನಿನ ಒಂದು ಗುಂಡು ಸುಮಾರು 42 ಗ್ರಾಂ, ವೇಗ ಸೆಕೆಂಡಿಗೆ 890 ಮೀಟರ್ ಆಸುಪಾಸು. ಸೆಕೆಂಡಿಗೆ ಎಂಟು ಗುಂಡು ಹಾರಿದರೆ, ಮದ್ದಿನ ಅನಿಲದ ತಳ್ಳುವಿಕೆಯನ್ನು ಬಿಟ್ಟರೂ, ಸರಾಸರಿ 300 ನ್ಯೂಟನ್ ಬಲ ಹಿಂದಕ್ಕೆ ಒತ್ತುತ್ತದೆ. ಟ್ಯಾಂಕಿಗೆ ಇದು ಲೆಕ್ಕಕ್ಕೇ ಇಲ್ಲ. ಫಿರಂಗಿಯ ಪಕ್ಕದಲ್ಲೇ ಕೂತು ಅದರೊಂದಿಗೇ ತಿರುಗುವ ಕೋಆಕ್ಸ್ ಗನ್ ಅಂತೂ ಇನ್ನೂ ಸಣ್ಣ ಗುಂಡು ಹಾರಿಸುತ್ತದೆ. ಸೋವಿಯತ್ ಟಿ-72 ಟ್ಯಾಂಕಿನಲ್ಲಿರುವ ಪಿಕೆಟಿ ಎಂಬ ಇಂಥ ಗನ್ನಿಗೆ ಪದಾತಿ ಸೈನಿಕರ ಪಿಕೆಎಂ ಗನ್ನಿಗಿಂತ ಉದ್ದವೂ ದಪ್ಪವೂ ಆದ ನಳಿಕೆ. ಮೊದಲನೆಯವನ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಆದರೂ ಅಲ್ಲಿ ಗುಂಡು ಚದುರುತ್ತದೆ: ನಳಿಕೆ ಕಂಪಿಸುತ್ತದೆ, ಬಿಸಿಯೇರುತ್ತದೆ, ಗನ್ನನ್ನು ಹಿಡಿದಿಟ್ಟ ತೊಟ್ಟಿಲಿನ ಜೋಡಣೆಯಲ್ಲಿ ಚೂರು ಸಡಿಲವಿರುತ್ತದೆ, ಎರಡು ತೋಟಾಗಳಲ್ಲಿ ಮದ್ದು ಒಂದೇ ತೂಕ ಇರುವುದಿಲ್ಲ.

ಜೀಪಿನ ಕಥೆಯೇ ಬೇರೆ. ಅದು ಸ್ಪ್ರಿಂಗುಗಳ ಮೇಲೆ ನಿಂತಿದೆ, ಒಮ್ಮೆ ತೂಗಿ ಮರಳಲು ಅರ್ಧದಿಂದ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಇನ್ನೂ ನಾಲ್ಕರಿಂದ ಎಂಟು ಗುಂಡು ಹೊರಟಿರುತ್ತವೆ. ಎರಡನೆಯ ಗುಂಡು ಮೊದಲನೆಯದರ ಒದೆತವನ್ನು ಹೊತ್ತು ಹಾರುತ್ತದೆ, ಮೂರನೆಯದು ಎರಡರದ್ದನ್ನೂ. ಹಿಂದೆ ನಿಂತ ಸೈನಿಕ ಮೈಭಾರ ಹಾಕಿ ಒತ್ತಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ನಿಜವಾದ ಚದುರುವಿಕೆಗೆ ಹೀಗೆ ನೆನಪಿದೆ, ಪ್ರತಿ ತೂತೂ ಹಿಂದಿನ ತೂತಿನ ಸಂಬಂಧಿ. (ಓಡುವ ವಾಹನದ ಅಲುಗಾಟ ತಡೆಯಲು ಎರಡನೆಯ ಮಹಾಯುದ್ಧದ ಶೆರ್ಮನ್ ಟ್ಯಾಂಕಿಗೇ ಗೈರೋ ಎಂಬ, ಗನ್ನನ್ನು ಸ್ಥಿರವಾಗಿಡುವ ಸಾಧನ ಅಳವಡಿಸಿದ್ದರು. ಅದು ಮೇಲೆ-ಕೆಳಗಿನ ಅಲುಗಾಟವನ್ನಷ್ಟೇ ಹಿಡಿಯುತ್ತಿತ್ತು. ಅನೇಕ ಸಿಬ್ಬಂದಿ ಅದನ್ನು ಬಂದ್ ಮಾಡಿಯೇ ಇಡುತ್ತಿದ್ದರು.)

ಆಟಕ್ಕೆ ಈ ನೆನಪು ಇಲ್ಲ. ಚೆಕ್ ದೇಶದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಮಾಡಿದ ‘ಅರ್ಮಾ’ ಎಂಬ ಯುದ್ಧದ ಆಟಗಳ ಸರಣಿಯನ್ನೇ ನೋಡಿ. ಹಾರುವ ಗುಂಡಿಗೆ ಗುರುತ್ವವೂ ಉಂಟು, ಗಾಳಿಯ ತಡೆಯೂ ಉಂಟು. ಆ ಮಟ್ಟಿಗೆ ಮೆಚ್ಚಬೇಕು. ಆದರೆ ಗುಂಡು ನಳಿಕೆ ಬಿಡುವ ಕ್ಷಣದಲ್ಲಿ ಗನ್ನಿಗೆ ಬರೆದಿಟ್ಟ ಒಂದು ಕೋನದೊಳಗೆ ದಾಳ ಉರುಳಿ ದಿಕ್ಕು ನಿಗದಿಯಾಗುತ್ತದೆ. ಮರುಗುಂಡಿಗೆ ಮತ್ತೆ ಹೊಸ ದಾಳ. ಒಂದು ಸಂಖ್ಯೆ ತಿದ್ದಿದರೆ ಗನ್ ‘ನಿಖರ’, ಇನ್ನೊಂದು ಬರೆದರೆ ‘ಒರಟು’. ಗಲಾಟೆಯೆಲ್ಲ ಆ ಒಂದು ಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ. ದಾಳವೇ ಏಕೆ ಎಂದು ಕೇಳುವವರು ಕಡಿಮೆ.

ನೋಟ ಮಾತ್ರ ಮೋಸಹೋಗುವಷ್ಟು ಚೆನ್ನಾಗಿದೆ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಕೆಲವು ಟಿವಿ ವಾಹಿನಿಗಳು ಅಫ್ಘಾನಿಸ್ತಾನದ ಪಂಜ್‌ಶೀರ್ ಕಣಿವೆಯ ಮೇಲೆ ಪಾಕಿಸ್ತಾನದ ದಾಳಿ ಎಂದು ತೋರಿಸಿದ ದೃಶ್ಯ ‘ಅರ್ಮಾ 3’ರದ್ದು! ಇಂಥ ಸುಳ್ಳು ವಿಡಿಯೊಗಳನ್ನು ಗುರುತಿಸುವುದು ಹೇಗೆಂದು ಮರುವರ್ಷ ಆ ಕಂಪನಿಯೇ ತಿಳಿವಳಿಕೆ ಕೊಡಬೇಕಾಯಿತು. ಬೆಂಕಿ, ಹೊಗೆ ನೋಡಿ ನೈಜವೆಂದು ನಂಬುವವರಿಗೆ ನಳಿಕೆಯ ನೆನಪು ಎಲ್ಲಿ ಕಾಣಬೇಕು?

ನಿಮ್ಮ ಆಟ ಯಾವ ಜಾತಿಯದೆಂದು ನೋಡಬೇಕಿದ್ದರೆ ಜೀಪನ್ನು ಗೋಡೆಯಿಂದ ಇನ್ನೂರು ಮೀಟರ್ ದೂರ ನಿಲ್ಲಿಸಿ. ಗುರಿ ಕದಲಿಸದೆ, ಪ್ರತಿಸಲ ಜೀಪು ಅಲುಗಾಟ ನಿಲ್ಲಿಸುವವರೆಗೆ ಕಾದು, ಇಪ್ಪತ್ತು ಗುಂಡುಗಳನ್ನು ಒಂದೊಂದಾಗಿ ಹಾರಿಸಿ. ಆಮೇಲೆ ಇನ್ನೊಂದು ಗೋಡೆಗೆ ಇಪ್ಪತ್ತನ್ನೂ ಒಂದೇ ಉಸಿರಿಗೆ ಬಿಡಿ. ಎರಡೂ ಗೋಡೆಗಳಲ್ಲಿ ತೂತುಗಳು ಒಂದೇ ಅಳತೆಯ ವೃತ್ತದಲ್ಲಿದ್ದರೆ ಅದು ದಾಳ. ಮೊದಲ ಗೋಡೆಯ ಗುಂಪು ಬಿಗಿಯಾಗಿದ್ದು ಎರಡನೆಯದು ಮೇಲಕ್ಕೋ ಪಕ್ಕಕ್ಕೋ ಎಳೆದುಕೊಂಡಿದ್ದರೆ, ಆ ಆಟ ಬರೆದವರಲ್ಲಿ ಯಾರೋ ಒಬ್ಬರು ಸ್ಪ್ರಿಂಗಿನ ಬಗ್ಗೆ ಯೋಚಿಸಿದ್ದಾರೆ.