ಪಕ್ಕದ ಮನೆಯವರ ನಿದ್ದೆ ಕೆಡಿಸದ ಪೀಪಿ

"ಅಕ್ಕಾ, ಬೇಜಾರು ಮಾಡ್ಬೇಡಿ. ಆ ಪೀಪಿ ಸ್ವಲ್ಪ ಮೆಲ್ಲ ಊದ್ಲಿಕ್ಕೆ ಆಗ್ತದಾ?"

ಪಕ್ಕದ ಫ್ಲ್ಯಾಟಿನ ಹುಡುಗಿ ಹೀಗೆ ಕೇಳಿದಾಗ ಬೆಳಿಗ್ಗೆ 11 ಗಂಟೆ. ಅವಳು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ವಾರ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಎರಡು ನೀರುದೋಸೆ ತಿಂದು ಮಲಗಿದರೆ ಅವಳಿಗೆ ಅದೇ ರಾತ್ರಿ. ನಮ್ಮ ದೇಶದಲ್ಲಿ ಶಬ್ದಮಾಲಿನ್ಯಕ್ಕೆ 2000ನೇ ಇಸವಿಯಿಂದ ನಿಯಮಗಳಿವೆ. ಜನ ವಾಸವಿರುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6ರ ವರೆಗೆ. ಆ ಲೆಕ್ಕದಲ್ಲಿ ನಾನು ಊದಿದ್ದು ಹಗಲಲ್ಲೇ. ಆದರೆ ಅವಳ ಕೆಂಪಾದ ಕಣ್ಣು ನೋಡಿದ ಮೇಲೆ ನನಗೆ ಆ ಲೆಕ್ಕ ಬೇಕೆನಿಸಲಿಲ್ಲ.

ನನ್ನ ಕೈಯಲ್ಲಿದ್ದದ್ದು ಟಿನ್ ವಿಸಲ್. ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ರಜೆಗೆ ಬಂದಾಗ ತಂದುಕೊಟ್ಟಿದ್ದಳು. ಸುಮಾರು ಒಂದಡಿ ಉದ್ದದ ನಳಿಗೆ, ಆರು ತೂತು, ಬಾಯಿಗಿಡುವ ಕಡೆ ಜಾತ್ರೆಯ ಪೀಪಿಗಿರುವಂಥ ಒಂದು ಮೂತಿ. 1843ರಲ್ಲಿ ರಾಬರ್ಟ್ ಕ್ಲಾರ್ಕ್ ಎಂಬವರು ಇಂಗ್ಲೆಂಡಿನಲ್ಲಿ ತವರ ಲೇಪಿಸಿದ ತಗಡನ್ನು ಸುತ್ತಿ ಇಂಥ ಪೀಪಿಗಳನ್ನು ಮಾಡಿ ಮಾರತೊಡಗಿದರು. ಅಗ್ಗವಾದ್ದರಿಂದ ಬೇಗ ಹರಡಿತು. ಐರ್ಲೆಂಡಿನ ಜನಪದ ಸಂಗೀತ ಇದನ್ನು ತನ್ನದೇ ಮಾಡಿಕೊಂಡಿತು. ಈಗ ಹಿತ್ತಾಳೆಯ ನಳಿಗೆ, ಪ್ಲಾಸ್ಟಿಕ್ ಮೂತಿಯ ಪೀಪಿಗಳೇ ಜಾಸ್ತಿ.

ಇಷ್ಟು ಚಿಕ್ಕ ವಾದ್ಯ ಇಷ್ಟು ಚುಚ್ಚುವುದೇಕೆ? ಒಂದು ಕಾರಣ ನಮ್ಮ ಕಿವಿಯಲ್ಲೇ ಇದೆ. ಸಾಮಾನ್ಯವಾಗಿ ಎಲ್ಲರೂ ಕಲಿಯುವ ಡಿ ಶ್ರುತಿಯ ಪೀಪಿಯಲ್ಲಿ ಅತ್ಯಂತ ಕೆಳಗಿನ ಸ್ವರವೇ ಸೆಕೆಂಡಿಗೆ 587 ಕಂಪನದ್ದು. ಎರಡು ಸ್ಥಾಯಿ ಮೇಲೆ ಹೋದರೆ 2349. ಅದರ ಜೊತೆಗೆ ಹುಟ್ಟುವ ಉಪಸ್ವರಗಳು ಇನ್ನೂ ಮೇಲಿನವು. ಕಿವಿಯ ತೂತಿನಿಂದ ತಮಟೆಯವರೆಗಿನ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ಕಡೆ ಮುಚ್ಚಿದ್ದು. ಇಂಥ ನಾಳ 3,000ದಿಂದ 4,000 ಕಂಪನದ ಆಸುಪಾಸಿನ ಶಬ್ದವನ್ನು ತಾನೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಮಗುವಿನ ಅಳು, ಕುಕ್ಕರಿನ ಸೀಟಿ ನಮ್ಮನ್ನು ತಟ್ಟನೆ ಎಬ್ಬಿಸುವುದರಲ್ಲಿ ಇದರ ಪಾಲೂ ಇದೆ. ಪೀಪಿಯ ಮೇಲಿನ ಸ್ವರಗಳು ಹೋಗಿ ತಾಗುವುದು ಅಲ್ಲಿಗೇ.

ಹಾಗಾದರೆ ಮೆಲ್ಲ ಊದಿದರೆ ಆಯ್ತಲ್ವಾ? ನಾನೂ ಮೊದಲು ಅದನ್ನೇ ಮಾಡಿದೆ. ಸ್ವರ ಸಣ್ಣದಾಗುವ ಬದಲು ಕೆಳಕ್ಕೆ ಜಾರಿತು. ಇನ್ನೂ ಮೆಲ್ಲ ಊದಿದರೆ ಮೇಲಿನ ಸ್ಥಾಯಿಯ ಸ್ವರ ಧೊಪ್ಪನೆ ಕೆಳಗಿನ ಸ್ಥಾಯಿಗೆ ಬಿತ್ತು. ಯಾಕೆ ಹೀಗಾಗುತ್ತದೆ ಎಂದು ಗೊತ್ತಾದ ಮೇಲೆಯೇ ನನಗೆ ದಾರಿ ಕಂಡದ್ದು.

ಪೀಪಿಯ ಮೂತಿಯೊಳಗೆ ತೆಳುವಾದ ಒಂದು ಸಂದು ಇರುತ್ತದೆ. ಉಸಿರು ಅದರೊಳಗೆ ಹಾದು ಪಟ್ಟಿಯ ಹಾಗೆ ಹೊರಬರುತ್ತದೆ. ಮುಂದೆ ಒಂದು ಚೌಕ ತೂತು. ಅದರ ಆಚೆ ಅಂಚಿನಲ್ಲಿ ಚೂರಿಯ ಬಾಯಿಯಂಥ ಅಲಗು. ಗಾಳಿಯ ಪಟ್ಟಿ ಈ ಅಲಗಿಗೆ ಬಡಿದು ಒಮ್ಮೆ ನಳಿಗೆಯ ಒಳಗೆ, ಒಮ್ಮೆ ಹೊರಗೆ ಬಾಗುತ್ತದೆ. ಕೆಳಗಿನ ಡಿ ಸ್ವರದಲ್ಲಿ ಒಂದು ಸೆಕೆಂಡಿಗೆ 587 ಸಲ ಹೀಗೆ ಹೊಯ್ದಾಡುತ್ತದೆ. ಸ್ವರ ಏರಬೇಕಾದರೆ ಗಾಳಿ ಸಂದಿನಿಂದ ಅಲಗಿಗೆ ಇನ್ನೂ ಬೇಗ ಮುಟ್ಟಬೇಕು. ಅಂದರೆ ಜೋರಾಗಿ ಊದಬೇಕು. ಗಾಳಿಯ ವೇಗ ಎರಡು ಪಟ್ಟಾಗಬೇಕಾದರೆ ಬಾಯಿಯೊಳಗಿನ ಒತ್ತಡ ನಾಲ್ಕು ಪಟ್ಟಾಗಬೇಕು.

ನಮ್ಮ ಕೊಳಲಿನವರಿಗೆ ಈ ಕಷ್ಟ ಇಷ್ಟಿಲ್ಲ. ಅವರ ಗಾಳಿಯ ಪಟ್ಟಿ ಹುಟ್ಟುವುದು ತುಟಿಗಳ ನಡುವೆ. ಮೆಲ್ಲ ನುಡಿಸಬೇಕಾದರೆ ತುಟಿಯನ್ನು ಕಿರಿದು ಮಾಡುತ್ತಾರೆ, ತೂತಿನ ಅಂಚಿಗೆ ಹತ್ತಿರ ತರುತ್ತಾರೆ, ಸ್ವರ ಕದಲದ ಹಾಗೆ ಶಬ್ದ ಇಳಿಸುತ್ತಾರೆ. ಪೀಪಿಯ ಸಂದು ಅಚ್ಚಿನಲ್ಲಿ ಎರಕವಾಗಿ ಬಂದದ್ದು. ಅದರ ದೂರ, ಅಗಲ ಯಾವುದೂ ನಮ್ಮ ಕೈಯಲ್ಲಿಲ್ಲ. ಪ್ರತಿ ಸ್ವರಕ್ಕೂ ಬೇಕಾದ ಉಸಿರಿನ ರಭಸ ಮೊದಲೇ ನಿಶ್ಚಯ. ಹಾಗಾಗಿ ಪೀಪಿಯನ್ನು ಮೆಲ್ಲ ಊದಲು ಆಗುವುದಿಲ್ಲ. ಮೆಲ್ಲ ಕೂಗುವ ಪೀಪಿಯನ್ನೇ ಹುಡುಕಬೇಕು, ಇಲ್ಲವೇ ಮಾಡಿಕೊಳ್ಳಬೇಕು.

ರಭಸ ಬದಲಾಯಿಸುವ ಹಾಗಿಲ್ಲ, ಸರಿ. ಆದರೆ ಗಾಳಿಯ ಪಟ್ಟಿಯ ಅಗಲ? ಅಗಲ ಅರ್ಧಕ್ಕಿಳಿದರೆ ಅದೇ ರಭಸದಲ್ಲಿ ಅರ್ಧದಷ್ಟೇ ಗಾಳಿ ಹರಿಯುತ್ತದೆ. ಸ್ವರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಸಿಗುವ ಶಕ್ತಿ ಮಾತ್ರ ಇಳಿಯುತ್ತದೆ. ಇದು ಹೊಳೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಯಲ್ಲಿ ಮಾಡಿ ನೋಡಲು ಆ ನರ್ಸ್ ಹುಡುಗಿಯೇ ಒಂದು ಸುರುಳಿ ಬಿಳಿ ಟೇಪ್ ಕೊಟ್ಟಳು, ಗಾಯಕ್ಕೆ ಹತ್ತಿ ಅಂಟಿಸುವ ಕಾಗದದ ಟೇಪ್. ಅದರಲ್ಲಿ ಒಂದು ಸಣ್ಣ ಚೂರನ್ನು ಕತ್ತರಿಸಿ, ಚೌಕ ತೂತಿನ ಬಲಬದಿಯ ಸುಮಾರು ಮೂರನೇ ಒಂದು ಭಾಗ ಮುಚ್ಚುವ ಹಾಗೆ ಉದ್ದಕ್ಕೆ ಅಂಟಿಸಿದೆ. ಟೇಪ್ ಸಂದಿನ ಕಡೆಯಿಂದ ಅಲಗು ದಾಟುವವರೆಗೆ ನೇರವಾಗಿರಬೇಕು, ಅಂಚು ಸುಕ್ಕಾಗಬಾರದು. ಸುಕ್ಕಾದರೆ ಬರೀ ಬುಸ್ ಬುಸ್. ಮೂರನೇ ಸಲಕ್ಕೆ ಸರಿಯಾಗಿ ಕೂತಿತು. ಊದಿದರೆ ಅದೇ ಸ್ವರ, ಆದರೆ ಬಾಗಿಲ ಆಚೆ ನಿಂತು ಹಾಡಿದ ಹಾಗೆ. ಫೋನಿನ ಶ್ರುತಿ ನೋಡುವ ಆ್ಯಪ್‌ನಲ್ಲಿ ಮುಳ್ಳು ಸ್ವಲ್ಪ ಎಡಕ್ಕೆ ವಾಲಿತ್ತು. ತೂತು ಕಿರಿದಾದರೆ ಒಳಗಿನ ಗಾಳಿಯ ಕಂಬ ತುಸು ಉದ್ದವಾದ ಹಾಗೆ ವರ್ತಿಸುತ್ತದೆ, ಅದಕ್ಕೇ ಶ್ರುತಿ ಇಳಿಯುತ್ತದೆ. ಮೂತಿಯನ್ನು ನಳಿಗೆಯ ಮೇಲೆ ಒಂದೆರಡು ಮಿಲಿಮೀಟರ್ ಒಳಕ್ಕೆ ಒತ್ತಿದರೆ ಸರಿಹೋಗುತ್ತದೆ. ಅಗ್ಗದ ಪೀಪಿಗಳಲ್ಲಿ ಮೂತಿಯನ್ನು ಗಮ್ ಹಾಕಿ ಅಂಟಿಸಿರುತ್ತಾರೆ. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತಿರುಗಿಸಿದರೆ ಗಮ್ ಬಿಡುತ್ತದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು.

ತೂತನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಬೇಡಿ, ಸ್ವರಕ್ಕೆ ಉಸಿರುಗಟ್ಟುತ್ತದೆ. ಪೂರ್ತಿ ಮುಚ್ಚಿದರೆ ಸ್ವರವೇ ಇಲ್ಲ, ಬೆರಳಿನ ಅಭ್ಯಾಸಕ್ಕೆ ಅದೂ ಒಳ್ಳೆಯದೇ. ಹೊಸ ಹಾಡಿನ ಬೆರಳು ಕೂರಿಸುವಾಗ ನಾನು ಈಗಲೂ ಹಾಗೆ ಮಾಡುತ್ತೇನೆ.

ಹೊಸದು ಕೊಳ್ಳುವವರು ಎರಡು ವಿಷಯ ನೋಡಿದರೆ ಸಾಕು: ನಳಿಗೆಯ ಒಳಗಿನ ವ್ಯಾಸ ಮತ್ತು ಆ ಸಂದು. ನಳಿಗೆ ಕಿರಿದು, ಸಂದು ಸಣ್ಣದು ಇದ್ದರೆ ಉಸಿರು ಕಡಿಮೆ ಸಾಕು, ಮೇಲಿನ ಸ್ಥಾಯಿ ಸುಲಭವಾಗಿ ಬರುತ್ತದೆ, ಶಬ್ದವೂ ಮೆದು. ಅಗಲ ನಳಿಗೆಯವು ಕೆಳಗಿನ ಸ್ವರಗಳಲ್ಲಿ ಗಟ್ಟಿ, ಹತ್ತು ಜನರ ನಡುವೆ ನುಡಿಸಲು ಒಳ್ಳೆಯವು, ಫ್ಲ್ಯಾಟಿಗಲ್ಲ. ಕ್ಲಾರ್ಕ್ ಪೀಪಿಯ ಹಾಗೆ ತುದಿಗೆ ಹೋಗುತ್ತಾ ಸಪೂರವಾಗುವವು ಸ್ವಲ್ಪ ಉಸಿರು ಬೆರೆತ ಹಾಗೆ ಕೇಳುತ್ತವೆ, ಕಿವಿಗೆ ಚುಚ್ಚುವುದು ಕಡಿಮೆ. ಒಂದು ಸ್ಥಾಯಿ ಕೆಳಗಿನ, ಸುಮಾರು ಎರಡಡಿ ಉದ್ದದ ಪೀಪಿಯೂ ಉಂಟು. ಅದರ ಸ್ವರ 294 ಕಂಪನದಿಂದ ಶುರು, ಬಹಳ ತಂಪು. ಆದರೆ ತೂತುಗಳು ದೂರ ದೂರ, ನನ್ನ ಬೆರಳು ಮುಟ್ಟಲಿಲ್ಲ.

ಇನ್ನು ಮನೆಯ ವಿಚಾರ. ಗೋಡೆ ಭಾರವಾದಷ್ಟೂ, ಸ್ವರ ಮೇಲಿನದ್ದಾದಷ್ಟೂ ಶಬ್ದ ದಾಟುವುದು ಕಷ್ಟ. ಮುರಕಲ್ಲಿನ ಗೋಡೆಯೊಳಗಿಂದ ಪೀಪಿಯ ಶಬ್ದ ಹೋಗುವುದು ತೀರಾ ಕಡಿಮೆ. ಅದು ಹೋಗುವುದು ಕಿಟಕಿಯಿಂದ, ಬಾಗಿಲ ಸಂದಿಯಿಂದ. ಮಂಗಳೂರಿನ ಸೆಕೆಯಲ್ಲಿ ಕಿಟಕಿ ಮುಚ್ಚಿ ಕೂರುವುದುಂಟೇ? ಉಡುಪಿ ಹತ್ತಿರದ ನಮ್ಮ ಹಳೆ ಮನೆಯಲ್ಲಿ ಕಿಟಕಿ ಮುಚ್ಚಿದರೂ ಪ್ರಯೋಜನವಿಲ್ಲ, ಮೇಲೆ ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೆಸರಾದ ಆ ಹಂಚಿನ ಮಾಡು ಬಿಸಿಗಾಳಿಯನ್ನು ಸಂದಿಗಳಿಂದ ಹೊರಗೆ ಬಿಡುತ್ತದೆ. ಗಾಳಿ ಹೋಗುವ ದಾರಿಯಲ್ಲಿ ಶಬ್ದವೂ ಹೋಗುತ್ತದೆ. ಚಾವಡಿಯಲ್ಲಿ ಊದಿದರೆ ಬಾವಿಕಟ್ಟೆಯಲ್ಲಿ ಕೇಳುತ್ತದೆ.

ನಾನು ಕಂಡುಕೊಂಡ ಜಾಗ ಸೀರೆಯ ಕಪಾಟು. ಎರಡೂ ಬಾಗಿಲು ತೆರೆದು, ನೇತುಹಾಕಿದ ಸೀರೆಗಳಿಗೆ ಮುಖ ಮಾಡಿ, ಒಂದು ಗೇಣು ದೂರದಲ್ಲಿ ನಿಂತು ಊದುತ್ತೇನೆ. ಬಟ್ಟೆಯ ದಪ್ಪ ಅಲೆಯ ಉದ್ದದ ಕಾಲು ಭಾಗದಷ್ಟಿದ್ದರೆ ಅದು ಶಬ್ದವನ್ನು ಚೆನ್ನಾಗಿ ಹೀರುತ್ತದೆ. ಪೀಪಿಯ ಮೇಲಿನ ಸ್ವರದ ಅಲೆ ಸುಮಾರು 15 ಸೆಂಟಿಮೀಟರ್, ಅದರ ಕಾಲು ಭಾಗ 4 ಸೆಂಟಿಮೀಟರಿಗೂ ಕಮ್ಮಿ. ತುಂಬಿದ ಕಪಾಟಿಗೆ ಅದು ಏನೂ ಅಲ್ಲ. ಬಚ್ಚಲುಮನೆಯಲ್ಲಿ ಮಾತ್ರ ಊದಬೇಡಿ. ಅಲ್ಲಿನ ಟೈಲ್ಸ್ ಏನನ್ನೂ ಹೀರುವುದಿಲ್ಲ, ನಿಮ್ಮ ಕಿವಿಗೇ ಮೊದಲ ಪೆಟ್ಟು.

ಟೇಪ್ ಮತ್ತು ಕಪಾಟು ಎರಡೂ ಸೇರಿದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಕೇಳಿದೆ, "ಇವತ್ತು ಕೇಳಿತಾ?" ಅವಳು, "ನೀವು ಇವತ್ತು ಊದಿದ್ರಾ ಅಕ್ಕ?" ಎಂದಳು.

ಈಗ ಜುಲೈ. ಕೆಳಗಿನ ಗ್ಯಾರೇಜಿನ ತಗಡಿನ ಶೀಟಿನ ಮೇಲೆ ಮಳೆ ಹೊಡೆಯುತ್ತಿದೆ. ಮಳೆಯ ಸದ್ದಿನಲ್ಲಿ ಕೆಳಗಿನ ಸ್ವರ, ಮೇಲಿನ ಸ್ವರ ಎಲ್ಲವೂ ಬೆರೆತಿರುತ್ತವೆ. ಹಾಗಾಗಿ ಪೀಪಿಯ ಸ್ವರ ಯಾವ ಜಾಗದ್ದಾದರೂ ಅದನ್ನು ಮುಚ್ಚಿಬಿಡುತ್ತದೆ. ನೆರೆಯವರ ಕಿವಿಗೆ ಮಳೆ ಒಂದೇ. ಇಂಥ ಹೊತ್ತಿನಲ್ಲಿ ಟೇಪ್ ಕಿತ್ತು ಕಪಾಟಿನ ಬಾಗಿಲಿಗೆ ಅಂಟಿಸಿಟ್ಟು ಪೂರ್ತಿ ದನಿಯಲ್ಲಿ ನುಡಿಸುತ್ತೇನೆ. ಮಳೆ ಸ್ವಲ್ಪ ಸಣ್ಣದಾಯಿತೆಂದರೆ ಕೈ ತಾನಾಗಿ ಟೇಪಿನ ಕಡೆ ಹೋಗುತ್ತದೆ.